ಎದುರುಮನೆ ಮೇಷ್ಟ್ರ ಪ್ರೊಪೆಲ್ಲರ್

ಹೊಟ್ಟೆಕಿಚ್ಚು ಪಡಬಾರದು ಅಂತ ನಾನು ದಿನಾ ಬೆಳಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನ ಮಾಡುತ್ತೇನೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಎದುರುಮನೆಯಲ್ಲಿ ಏನಾದರೊಂದು ನಡೆದು ಆ ತೀರ್ಮಾನ ಹಾಳಾಗುತ್ತದೆ. ಎರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ನಾನು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೆಂಟೆನೆನ್ಸ್ ಫೋರ್‌ಮನ್ ಆಗಿದ್ದು ನಿವೃತ್ತನಾದವನು. ಪಂಪು, ಕಂಪ್ರೆಸರ್, ಜನರೇಟರ್ ಯಾವುದೇ ಇರಲಿ, ಶಬ್ದ ಕೇಳಿಯೇ ಕಾಯಿಲೆ ಹೇಳುತ್ತಿದ್ದೆ. ಎದುರುಮನೆಯವರು ಸಂಸ್ಕೃತ ಮೇಷ್ಟ್ರು. ಅವರ ತಾತ ಅರಮನೆಯಲ್ಲಿ ಪಂಡಿತರಾಗಿದ್ದರಂತೆ. ಇವರು ಕಾಲೇಜಿನಲ್ಲಿ ವ್ಯಾಕರಣ ಪಾಠ ಹೇಳಿ ನಿವೃತ್ತರಾದರು. ಅವರ ಮನೆಯಲ್ಲಿ ತಿರುಗುವ ವಸ್ತು ಅಂತ ಇದ್ದದ್ದು ಫ್ಯಾನು ಮತ್ತು ಮಿಕ್ಸಿ. ಎರಡರಲ್ಲಿ ಯಾವುದು ನಿಂತರೂ ನನ್ನನ್ನೇ ಕರೆಯುತ್ತಿದ್ದರು. ಬೋಗಾದಿಯ ನಮ್ಮ ರಸ್ತೆಯಲ್ಲಿ ಯಂತ್ರಕ್ಕೆ ನಾನು, ಮಂತ್ರಕ್ಕೆ ಅವರು ಅಂತ ಒಂದು ಒಪ್ಪಂದವೇ ಇತ್ತು. ಅದು ಹೇಗೆ ಮುರಿದುಬಿತ್ತು ಅಂತ ಹೇಳುತ್ತೇನೆ.

೧. ಕೆಡಿಸಿದ್ದು ನಾನೇ

ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಸರಿಯಾಗಿದ್ದ ಸಾಮಾನುಗಳನ್ನೆಲ್ಲ ಒಂದೊಂದಾಗಿ ಬಿಚ್ಚಲು ಶುರುಮಾಡಿದೆ. ಗೋಡೆ ಗಡಿಯಾರ ಬಿಚ್ಚಿದ ದಿನ ನನ್ನ ಮಗಳು ತನ್ನ ಹಳೇ ಕಂಪ್ಯೂಟರ್ ತಂದಿಟ್ಟು, ಅದಕ್ಕೆ ವಿಮಾನ ಹಾರಿಸುವ ಆಟ ಹಾಕಿಕೊಟ್ಟಳು. "ಅಪ್ಪ, ಇದನ್ನ ಎಷ್ಟು ಬೇಕಾದ್ರೂ ಬೀಳಿಸು. ಗಡಿಯಾರದ ತಂಟೆಗೆ ಮಾತ್ರ ಹೋಗಬೇಡ" ಅಂದಳು.

ಆಟ ಹಿಡಿಸಿತು. ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಏರಿ, ಚಾಮುಂಡಿ ಬೆಟ್ಟಕ್ಕೊಂದು ಸುತ್ತು ಹಾಕಿ, ವಾಪಸು ಬಂದು ಇಳಿಯುವುದು ನನ್ನ ನಿತ್ಯಕರ್ಮವಾಯಿತು. ಒಂದು ದಿನ ಮೇಷ್ಟ್ರು ಮಿಕ್ಸಿ ಜಾರ್ ಹಿಡಿದುಕೊಂಡು ಬಂದರು. ನಾನು ಬೆಟ್ಟದ ಮೇಲಿದ್ದೆ. ಅವರು ಜಾರ್ ಹಿಡಿದುಕೊಂಡೇ ಹಿಂದೆ ನಿಂತು ನೋಡಿದರು.

"ಇದು ಯಾವ ಥರದ ಇಂಜಿನ್?"

"ಟರ್ಬೋಪ್ರಾಪ್ ಮೇಷ್ಟ್ರೇ. ಒಳಗೆ ಜೆಟ್ಟು, ಮುಂದೆ ಪಂಖ, ಅಂದ್ರೆ ಪ್ರೊಪೆಲ್ಲರು."

"ಜೆಟ್ ಇದ್ದ ಮೇಲೆ ಪಂಖ ಯಾಕೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಅದು ಸ್ವಲ್ಪ ಟೆಕ್ನಿಕಲ್ ವಿಷಯ ಮೇಷ್ಟ್ರೇ, ನಿಮಗೆ ಅರ್ಥ ಆಗೋದು ಕಷ್ಟ" ಅಂದೆ. ಅವರು "ಹೌದಾ" ಅಂದು ಜಾರ್ ಇಟ್ಟು ಹೋದರು.

ಒಂದು ತಿಂಗಳು ಕಳೆದ ಮೇಲೆ ಮನೆಗೆ ಕರೆದರು. ದೇವರ ಮನೆಯ ಪಕ್ಕದ ಕೋಣೆಯಲ್ಲಿ ಹೊಸ ಕಂಪ್ಯೂಟರು, ಕೈಗೆ ಸ್ಟಿಯರಿಂಗು, ಕಾಲಿಗೆ ಪೆಡಲು, ಬಲಗಡೆ ಮೂರು ಲಿವರು. ಮೇಜಿನ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ ಒಂದು ದಪ್ಪ ಗ್ರಂಥ. ರಾಮಾಯಣವೋ ಭಾಗವತವೋ ಅಂದುಕೊಂಡೆ. ಬಿಚ್ಚಿದರೆ ಆ ವಿಮಾನದ ಕೈಪಿಡಿ. ಮುದ್ರಿಸಿ, ಬೈಂಡ್ ಮಾಡಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೂ ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿದ್ದರು. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನಾನು ಒಂದೇ ಒಂದು ಕೈಪಿಡಿಯನ್ನೂ ಬಿಚ್ಚಿ ನೋಡಿದವನಲ್ಲ.

"ನಿಮ್ಮ ಆಟದಲ್ಲಿ ಪಂಖ ಬರೀ ಚಿತ್ರ. ಅದಕ್ಕೇ ಈ ವಿಮಾನಾನ ಬೇರೆಯಾಗಿ ತರಿಸಿಕೊಂಡೆ. ಇದರಲ್ಲಿ ಇಂಜಿನ್ನು, ಪಂಖ ಎರಡೂ ನಿಜದ ಹಾಗೇ ನಡ್ಕೊಳ್ತವೆ" ಅಂತ ಶುರುಮಾಡಿದರು. "ನೋಡಿ, ಒಳಗಿನ ಬಿಸಿಗಾಳಿ ಮೊದಲು ಒಂದು ಚಕ್ರ ತಿರುಗಿಸುತ್ತೆ. ಪಂಖಕ್ಕೆ ಹೊಂದಿಕೊಂಡ ಚಕ್ರವೇ ಬೇರೆ. ಎರಡಕ್ಕೂ ನಡುವೆ ಇರೋದು ಗಾಳಿಯ ನಂಟು ಮಾತ್ರ." ಅಷ್ಟು ಹೇಳಿ ನನ್ನ ಮುಖ ನೋಡಿ, ಬಹಳ ಕನಿಕರದಿಂದ ಅಂದರು: "ಸ್ವಲ್ಪ ಟೆಕ್ನಿಕಲ್ಲು. ಪರವಾಗಿಲ್ಲ, ಇನ್ನೊಂದು ಸಲ ನಿಧಾನವಾಗಿ ಹೇಳ್ತೀನಿ."

೨. ಪಾರಾಯಣ

ಮೇಷ್ಟ್ರಿಗೆ ಹಾರುವ ಮೊದಲು ಓದಬೇಕಾದ ಪಟ್ಟಿಯೊಂದಿದೆ. ಬ್ಯಾಟರಿ ಹಾಕಿದೆಯಾ, ಇಂಧನ ಇದೆಯಾ, ಪಂಖದ ಲಿವರ್ ಎಲ್ಲಿದೆ ಅಂತ ಒಂದೊಂದಾಗಿ ನೋಡಿಕೊಳ್ಳಬೇಕು. ನಾವಾದರೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇವೆ. ಅವರದು ನಲವತ್ತು ವರ್ಷ ವೇದ ಹೇಳಿದ ಗಂಟಲು. ಕಿಟಕಿ ತೆರೆದಿಟ್ಟುಕೊಂಡು, ಏರಿಳಿತ ಹಾಕಿ, ಕಂಚಿನ ಕಂಠದಲ್ಲಿ ಹೇಳುತ್ತಾರೆ.

ಒಂದು ಬೆಳಗ್ಗೆ ನಾನು ಜಗುಲಿಯಲ್ಲಿ ಪೇಪರ್ ಓದುತ್ತಿದ್ದೆ. ನಮ್ಮ ರಸ್ತೆಯ ಕೊನೇ ಮನೆಯ ಅಜ್ಜಿ ಹೂವಿನ ಬುಟ್ಟಿ ಹಿಡಿದು ಹೋಗುತ್ತಿದ್ದವರು ಮೇಷ್ಟ್ರ ಗೇಟಿನ ಮುಂದೆ ನಿಂತರು. ಚಪ್ಪಲಿ ಬಿಟ್ಟರು. ಕಣ್ಣು ಮುಚ್ಚಿ ಕೈ ಮುಗಿದರು. ಪಟ್ಟಿ ಮುಗಿಯುವವರೆಗೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಒಂದು ಮೊಳ ಹೂವನ್ನು ಗೇಟಿಗೆ ಸಿಕ್ಕಿಸಿ, ರಸ್ತೆ ದಾಟಿ ನನ್ನ ಹತ್ತಿರ ಬಂದರು.

"ಎಷ್ಟು ಚೆನ್ನಾಗಿ ಹೇಳ್ತಾರೆ ಕಣಪ್ಪ! ಯಾವ ಪಾರಾಯಣ?"

ಸತ್ಯ ಹೇಳಿ ಅವರ ಭಕ್ತಿ ಇಳಿಸಿಬಿಡೋಣ ಅನ್ನುವ ಆಸೆ ನನಗೆ. "ಅಜ್ಜಿ, ಅದು ದೇವರದ್ದಲ್ಲ, ಟರ್ಬೋಪ್ರಾಪು" ಅಂದೆ.

ಅಜ್ಜಿ ಇನ್ನೊಂದು ಸಲ ಆ ಕಡೆ ತಿರುಗಿ ಕೈ ಮುಗಿದರು. "ನಾವು ಕೇಳೇ ಇರಲಿಲ್ಲ ನೋಡು. ಕಲಿಯುಗದಲ್ಲಿ ಅಂಥಾವೆಲ್ಲ ಹೇಳೋರು ಎಲ್ಲಿ ಸಿಗ್ತಾರೆ!"

೩. ಸುಟ್ಟ ಇಂಜಿನ್

ಎಷ್ಟು ದಿನ ಅಂತ ಸುಮ್ಮನಿರಲಿ? ಒಂದು ಭಾನುವಾರ ಮೇಷ್ಟ್ರು "ನೀವೇ ಇವತ್ತು ಸ್ಟಾರ್ಟ್ ಮಾಡಿ" ಅಂತ ಕುರ್ಚಿ ಬಿಟ್ಟುಕೊಟ್ಟರು. ಅವರ ಮನೆಯವರು, ನನ್ನ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಕೈ ಉಜ್ಜಿಕೊಂಡು, "ಕಾರ್ಖಾನೆಯಲ್ಲಿ ಆನೆಯಂಥ ಜನರೇಟರುಗಳನ್ನ ಸ್ಟಾರ್ಟ್ ಮಾಡಿದ ಕೈ ಇದು" ಅಂತ ಹೇಳಿಯೇ ಕೂತೆ.

ಮೇಷ್ಟ್ರು ಹೇಳಿದರು: "ಮೊದಲು ಸ್ಟಾರ್ಟರ್ ಒತ್ತಿ. ಒಳಗಿನ ಚಕ್ರ ಜೋರಾಗಿ ತಿರುಗೋಕೆ ಶುರುವಾಗಬೇಕು. ಈ ಮುಳ್ಳು ಹದಿಮೂರಕ್ಕೆ ಬರೋವರೆಗೂ ಇಂಧನ ಬಿಡಬೇಡಿ."

ಮುಳ್ಳು ಆರಕ್ಕೆ ಬಂದಾಗಲೇ ನಾನು ಇಂಧನದ ಲಿವರ್ ತಳ್ಳಿದೆ. ನನ್ನ ಆಟದಲ್ಲಿ ಯಾವಾಗ ತಳ್ಳಿದರೂ ಇಂಜಿನ್ ಫ್ಯಾನಿನ ಹಾಗೆ ಶುರುವಾಗುತ್ತಿತ್ತು. ಇಲ್ಲಿ ಶಾಖದ ಮುಳ್ಳು ಎದ್ದಿತು. ಹಸಿರು ದಾಟಿತು, ಹಳದಿ ದಾಟಿತು, ಕೆಂಪಿಗೆ ಹೋಗಿ ಅಲ್ಲಿಂದಲೂ ಮುಂದೆ ಹೋಯಿತು.

"ಹಿಂದಕ್ಕೆಳೀರಿ! ಇಂಧನ ಹಿಂದಕ್ಕೆಳೀರಿ!" ಅಂತ ಮೇಷ್ಟ್ರು ಕೂಗಿದರು.

ಇಂಜಿನ್ ಏಳದಿದ್ದರೆ ಇನ್ನಷ್ಟು ಕೊಡು ಅನ್ನುವುದು ನನ್ನ ಜೀವಮಾನದ ಅಭ್ಯಾಸ. ಲಿವರನ್ನು ಕೊನೆಯವರೆಗೂ ತಳ್ಳಿದೆ. ಪರದೆಯ ಮೇಲೆ ಹೊಗೆ ಬಂತು. ಆಮೇಲೆ ಎಲ್ಲಾ ಮುಳ್ಳುಗಳೂ ಒಟ್ಟಿಗೆ ಮಲಗಿದವು.

"ಇನ್ನೊಂದು ಸಲ ಶುರುಮಾಡಿದ್ರೆ ಸರಿಹೋಗುತ್ತೆ ಬಿಡಿ" ಅಂದೆ.

"ಇಲ್ಲ, ಇದು ನೆನಪಿಟ್ಟುಕೊಳ್ಳುತ್ತೆ" ಅಂದರು ಮೇಷ್ಟ್ರು. "ಸುಟ್ಟಿದ್ದು ಸುಟ್ಟ ಹಾಗೇ. ಇಂಜಿನ್ ಇಳಿಸಿ ಬೇರೆ ಕೂರಿಸಬೇಕು. ಪರವಾಗಿಲ್ಲ ಬಿಡಿ, ಆಟ ತಾನೇ."

ಬೈದಿದ್ದರೆ ಚೆನ್ನಾಗಿತ್ತು. ಅವರ ಮನೆಯವರು ಕಾಫಿ ಕೊಡುತ್ತಾ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಇನ್ನೂರು ಗಂಟೆ ಹಾರಿಸಿದ್ರು ಕಣ್ರೀ. ಒಂದು ಸಲಾನೂ ಅದಕ್ಕೆ ಮೈ ಬಿಸಿ ಆಗೋಕೆ ಬಿಟ್ಟಿರಲಿಲ್ಲ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸಾಯಂಕಾಲ ಮೂಲೆಮನೆಯವರು ದಾರಿಯಲ್ಲಿ ಸಿಕ್ಕಿ, "ಸಾರ್, ಮೇಷ್ಟ್ರ ಮನೇಲಿ ಇಂಜಿನ್ ಸುಟ್ಟುಬುಟ್ರಂತೆ?" ಅಂದರು.

"ಅದು ನಿಜವಾದ ಇಂಜಿನ್ ಅಲ್ಲ ಸ್ವಾಮಿ, ಕಂಪ್ಯೂಟರಿನದು."

"ಯಾವುದೇ ಇರ್ಲಿ ಬುಡಿ. ನಾಳೆ ನಮ್ಮ ಬೋರ್‌ವೆಲ್ ಮೋಟರ್ ತೋರಿಸೋಣ ಅಂತಿದ್ದೆ. ಈಗ ಬೇರೆಯೋರಿಗೆ ಹೇಳಿದ್ದೀನಿ."

೪. ಮೇಜಿನ ಕಾಲು

ಮೇಷ್ಟ್ರ ಹತ್ತಿರ ಇದ್ದ ವಿಮಾನವನ್ನೇ ನಾನೂ ಗುಟ್ಟಾಗಿ ತರಿಸಿಕೊಂಡೆ. ಕಾಲಿಗೆ ಪೆಡಲು ಸಮೇತ. ಹೆಂಡತಿಗೆ ಕಂಪ್ಯೂಟರ್ ರಿಪೇರಿ ಅಂತ ಹೇಳಿದ್ದೆ.

ಮೊದಲ ದಿನ ರನ್‌ವೇ ಮೇಲೆ ಪವರ್ ಕೊಟ್ಟೆ. ವಿಮಾನ ನೇರ ಹೋಗುವುದು ಬಿಟ್ಟು ಎಡಕ್ಕೆ ತಿರುಗಿ ಹುಲ್ಲಿಗೆ ಹೋಯಿತು. ಎರಡನೇ ಸಲವೂ ಹುಲ್ಲಿಗೆ. ಹತ್ತನೇ ಸಲವೂ ಅಷ್ಟೇ. ಮೇವಿಗೆ ಬಿಟ್ಟ ದನದ ಹಾಗೆ ಅದೇ ಜಾಗಕ್ಕೆ ಹೋಗುತ್ತಿತ್ತು.

ನಾನು ಯಂತ್ರ ಗೊತ್ತಿರುವವನು. ಒಂದೇ ಕಡೆಗೆ ಎಳೆಯುತ್ತಿದೆ ಅಂದರೆ ಲೆವೆಲ್ ಸರಿಯಿಲ್ಲ ಅಂತಲೇ ಅರ್ಥ. ಹಳೇ ಟೂಲ್‌ಬಾಕ್ಸಿನಿಂದ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟೆ. ನಿಜಕ್ಕೂ ಮೇಜು ಎಡಕ್ಕೆ ಒಂದು ಕೂದಲೆಳೆ ತಗ್ಗಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ರಟ್ಟು ಮಡಿಸಿ ಎಡಗಾಲಿನ ಕೆಳಗಿಟ್ಟೆ. ಆದರೂ ಹುಲ್ಲಿಗೇ ಹೋಯಿತು. ಇನ್ನೊಂದು ಮಡಿಕೆ. ಮತ್ತೊಂದು. ಕೊನೆಗೆ ಕಾಫಿ ಲೋಟ ಮೇಜಿನ ಮೇಲಿಂದ ಬಲಕ್ಕೆ ಜಾರಿ ನನ್ನ ತೊಡೆಯ ಮೇಲೆ ಬಿತ್ತು.

ಹೆಂಡತಿ ಒರೆಸುವ ಬಟ್ಟೆ ತಂದು ಎಲ್ಲವನ್ನೂ ನೋಡಿದಳು. "ಅಲ್ಲಾ ರೀ, ಬೋಗಾದೀಲಿ ಮೇಜಿನ ಕಾಲಿಗೆ ರಟ್ಟು ಕೊಟ್ರೆ ಮಂಡಕಳ್ಳೀಲಿರೋ ವಿಮಾನ ನೇರ ಹೋಗುತ್ತಾ?"

ಮೇಷ್ಟ್ರನ್ನು ಕೇಳುವುದು ಹೇಗೆ? ಅವರಿಗಂತೂ ಈ ತೊಂದರೆ ಇರಲಿಲ್ಲ. ಅವರ ವಿಮಾನ ದಾರ ಹಿಡಿದ ಹಾಗೆ ನೇರ ಹೋಗುವುದು ನನ್ನ ಜಗುಲಿಯಿಂದಲೇ ಕಾಣುತ್ತಿತ್ತು. ಗುಟ್ಟೇನು ಅಂತ ತಿಳಿಯಲು ಪೇಪರ್ ವಾಪಸು ಕೊಡುವ ನೆಪ ಮಾಡಿಕೊಂಡು ಹೋಗಿ, ಅವರು ಏರುತ್ತಿರುವಾಗ ಪೆನ್ನು ಕೆಳಗೆ ಬೀಳಿಸಿ ಮೇಜಿನಡಿ ಬಗ್ಗಿದೆ. ಮೇಷ್ಟ್ರ ಬರಿಗಾಲು ಬಲಗಡೆಯ ಪೆಡಲನ್ನು ಹದವಾಗಿ ಒತ್ತುತ್ತಿತ್ತು. ಪವರ್ ಏರಿದಂತೆ ಕಾಲೂ ಒತ್ತುತ್ತಿತ್ತು.

ಮೇಲಿನಿಂದ ಮೇಷ್ಟ್ರ ದನಿ ಬಂತು: "ಪಂಖ ಬಲಕ್ಕೆ ತಿರುಗೋ ರಭಸಕ್ಕೆ ವಿಮಾನದ ಮೂತಿ ಎಡಕ್ಕೆ ಹೋಗುತ್ತೆ. ಬಲಗಾಲಲ್ಲಿ ತಡೀಬೇಕು. ಕಾಣಿಸ್ತಾ, ಇಲ್ಲಾ ದೀಪ ಹಾಕಲಾ?"

ಮನೆಗೆ ಬಂದು ಬಲಗಾಲು ಒತ್ತಿದೆ. ವಿಮಾನ ನೇರ ಹೋಯಿತು. ಹೆಂಡತಿಯನ್ನು ಕರೆದು ತೋರಿಸಿ, "ನೋಡಿದೆಯಾ, ರಟ್ಟಿನ ಮಹಿಮೆ" ಅಂದೆ.

೫. ಎರಡು ನಿಮಿಷ

ಇದು ಚಿಕ್ಕದು, ಆದರೆ ಆಳವಾಗಿ ನಾಟಿದ್ದು.

ಮೇಷ್ಟ್ರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಎಲೆ ಹಾಕಿ, ಪಲ್ಯ ಕೋಸಂಬರಿ ಬಡಿಸಿ ಆಗಿತ್ತು. ಮೇಷ್ಟ್ರು ಬರಲಿಲ್ಲ. ಅವರ ಮನೆಯವರು ಕರೆದರೆ ಒಳಗಿನಿಂದ, "ಇಳಿದಿದ್ದೀನಿ. ಇಂಜಿನ್ ತಕ್ಷಣ ಆರಿಸಬಾರದು. ಒಳಗಿನ ಕಾವು ಸಮ ಆಗಲಿ, ಎರಡು ನಿಮಿಷ" ಅಂದರು.

ಯಾರೂ ಇಲ್ಲದ ವಿಮಾನ, ಇಲ್ಲದ ಇಂಜಿನ್, ಅದಕ್ಕೆ ಇಲ್ಲದ ಕಾವು. ಅದಕ್ಕೋಸ್ಕರ ನಾವು ಮೂರು ಜನ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತೆವು. ನಾನು ನಗು ತಡೆದುಕೊಂಡು ಹೆಂಡತಿಯ ಕಡೆ ನೋಡಿದೆ, ಅವಳೂ ನಗಲಿ ಅಂತ.

ಅವಳ ಕಣ್ಣು ತುಂಬಿತ್ತು. "ನೋಡಿ, ಅವರು ಇಂಜಿನ್ನಿಗೂ ಎರಡು ನಿಮಿಷ ಕೊಡ್ತಾರೆ. ನೀವು ನನಗೆ ಒಂದು ಮಾತು ಮುಗಿಸೋಕೂ ಬಿಟ್ಟಿಲ್ಲ."

"ಯಾವಾಗ ಬಿಟ್ಟಿಲ್ಲ, ನಾನು ಯಾವತ್ತೂ..." ಅಂತ ನಾನು ಬಾಯಿ ಹಾಕಿದೆ.

"ನೋಡಿದ್ರಾ?" ಅಂದಳು, ಮೇಷ್ಟ್ರ ಮನೆಯವರ ಕಡೆ ತಿರುಗಿ.

೬. ನಿಂತ ಪಂಖ

ಮಂಡಕಳ್ಳಿಯ ರನ್‌ವೇ ಚಿಕ್ಕದು. ಅಲ್ಲಿಗೆ ಬರುವುದೆಲ್ಲ ಎರಡು ಪಂಖದ ಟರ್ಬೋಪ್ರಾಪ್ ವಿಮಾನಗಳೇ. ನನ್ನ ಹೆಂಡತಿಯ ಅಕ್ಕ ಹೈದರಾಬಾದಿಗೆ ಹೊರಟಿದ್ದರು. ಬಿಟ್ಟುಬರಲು ನಾವಿಬ್ಬರೂ ಹೊರಟರೆ ಮೇಷ್ಟ್ರು, "ನಿಜವಾದ್ದನ್ನ ಒಂದು ಸಲ ನೋಡೋಣ" ಅಂತ ಕಾರು ಹತ್ತಿದರು.

ಅಕ್ಕ ಒಳಗೆ ಹೋದ ಮೇಲೆ ನಾವು ತಂತಿ ಬೇಲಿಯ ಹತ್ತಿರ ನಿಂತೆವು. ಬಿಟ್ಟುಬರಲು ಬಂದ ಇನ್ನೂ ಹತ್ತು ಹನ್ನೆರಡು ಜನ ಅಲ್ಲಿದ್ದರು. ವಿಮಾನ ನಿಂತಿತ್ತು, ಜನ ಹತ್ತುತ್ತಿದ್ದರು. ಬಲಗಡೆಯ ಇಂಜಿನ್ ಗುಯ್ ಅಂತ ಕಿವಿ ಹರಿಯುವ ಹಾಗೆ ಓಡುತ್ತಿತ್ತು. ಆದರೆ ಅದರ ಪಂಖ ಮಾತ್ರ ತಿರುಗುತ್ತಿರಲಿಲ್ಲ. ಗೋಡೆಗೆ ಹೊಡೆದ ಚಿತ್ರದ ಹಾಗೆ ನಿಂತಿತ್ತು.

ನನ್ನೊಳಗಿನ ಫೋರ್‌ಮನ್ ಎದ್ದು ನಿಂತ. ಮೇಷ್ಟ್ರು ಬಾಯಿ ಬಿಡುವುದರೊಳಗೆ ನಾನು ಹೇಳಿಬಿಡಬೇಕು. "ಪಂಖದ ಬೆಲ್ಟ್ ಕಿತ್ತುಹೋಗಿದೆ!" ಅಂತ ಗಟ್ಟಿಯಾಗಿ ಕೂಗಿದೆ.

ಬೇಲಿಯ ಪಕ್ಕದಲ್ಲಿದ್ದ ಒಬ್ಬ ಹೆಂಗಸು ಕೂಡಲೇ ಫೋನ್ ತೆಗೆದು, "ಮಗಾ, ಇಳಿದುಬುಡೋ! ವಿಮಾನದ್ದು ಬೆಲ್ಟ್ ಹೋಗಿದೆಯಂತೆ! ಇಲ್ಲಿ ದೊಡ್ಡೋರು ಒಬ್ರು ನೋಡಿ ಹೇಳ್ತಾವ್ರೆ, ಇಳಿದುಬುಡೋ!" ಅಂತ ಅಳತೊಡಗಿದರು. ಉಳಿದವರೂ ಫೋನಿಗೆ ಕೈ ಹಾಕಿದರು.

ಮೇಷ್ಟ್ರು ಮುಂದೆ ಬಂದರು. "ಹೆದರಬೇಡಿ ತಾಯಿ. ಬೆಲ್ಟ್ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ನೆಲದ ಮೇಲಿದ್ದಾಗ ಒಳಗಿನ ದೀಪಕ್ಕೆ, ತಂಪಿಗೆ ಇಂಜಿನ್ ಓಡಿಸ್ತಾರೆ. ಪಂಖಕ್ಕೆ ಮಾತ್ರ ಬ್ರೇಕ್ ಹಾಕಿರ್ತಾರೆ. ಇಂಜಿನ್ನಿಗೂ ಪಂಖಕ್ಕೂ ಚಕ್ರ ಬೇರೆ ಬೇರೆ. ಹೊರಡೋ ಮುಂಚೆ ಬ್ರೇಕ್ ಬಿಡ್ತಾರೆ, ನೋಡ್ತಿರಿ."

ಸ್ವಲ್ಪ ಹೊತ್ತಿಗೆ ಬ್ರೇಕ್ ಬಿಟ್ಟರು. ಪಂಖ ಮೆಲ್ಲಗೆ ಅಲ್ಲಾಡಿ, ತಿರುಗಿ, ಆಮೇಲೆ ಕಣ್ಣಿಗೇ ಕಾಣದಂತಾಯಿತು. ಬೇಲಿಯ ಹತ್ತಿರ ಇದ್ದವರೆಲ್ಲ ಮೇಷ್ಟ್ರನ್ನೇ ನೋಡಿದರು, ಅವರೇ ತಿರುಗಿಸಿದರೇನೋ ಅನ್ನುವ ಹಾಗೆ.

ಹೆಂಗಸು ಕಣ್ಣೊರೆಸಿಕೊಂಡು, "ತಾವು ಪೈಲಟ್ಟಾ ಸ್ವಾಮಿ?" ಅಂದರು.

"ಇಲ್ಲಮ್ಮ, ಸಂಸ್ಕೃತ ಮೇಷ್ಟ್ರು."

"ಇವರು?" ಅಂತ ನನ್ನ ಕಡೆ ಕೈ ತೋರಿಸಿದರು.

ನಾನು ಏನು ಹೇಳಲಿ ಅಂತ ಯೋಚಿಸುವುದರೊಳಗೆ ನನ್ನ ಹೆಂಡತಿ ಅಂದಳು: "ಇವರು ಇಂಜಿನ್ ರಿಪೇರಿ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ವಿಮಾನದ ಕಡೆ ತಿರುಗಿ, "ಸದ್ಯ, ಅದನ್ನ ಮುಟ್ಟಿಲ್ಲ ತಾನೇ?" ಅಂದರು.

೭. ಕ್ಯಾಪ್ಟನ್ ಬಂದ ಸಂಜೆ

ಇಷ್ಟೆಲ್ಲ ಸಹಿಸಿಕೊಂಡವನು ಒಂದೇ ಒಂದು ಸಲ ತಪ್ಪು ಕೆಲಸ ಮಾಡಿದೆ.

ಮೇಷ್ಟ್ರ ಹಳೇ ವಿದ್ಯಾರ್ಥಿಯೊಬ್ಬ ಈಗ ಪಂಖದ ವಿಮಾನಗಳ ಕ್ಯಾಪ್ಟನ್. ಅವನು ಮೈಸೂರಿಗೆ ಬರುವವನಿದ್ದ, ಗುರುಗಳನ್ನು ನೋಡಲು ಸಂಜೆ ಐದಕ್ಕೆ ಮನೆಗೆ ಬರುತ್ತೇನೆ ಅಂದಿದ್ದ. ಮಾರನೇ ದಿನ ಮಧ್ಯಾಹ್ನ ಹೈದರಾಬಾದಿಗೆ ಹೋಗುವ ವಿಮಾನ ಅವನದೇ. ಅದೇ ವಿಮಾನದಲ್ಲಿ ನನ್ನ ಹೆಂಡತಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದಳು. ಅವಳು ಹತ್ತುತ್ತಿದ್ದುದು ಅದೇ ಮೊದಲ ವಿಮಾನ. "ಮೇಷ್ಟ್ರ ಶಿಷ್ಯರೇ ಓಡಿಸ್ತಾರೆ ಅಂದ್ರೆ ನಂಗೇನೂ ಭಯವಿಲ್ಲ ಬುಡಿ" ಅಂತ ಒಂದು ವಾರದಿಂದ ಹೇಳಿಕೊಂಡು ತಿರುಗುತ್ತಿದ್ದಳು.

"ಕ್ಯಾಪ್ಟನ್ ಬಂದು ನಮ್ಮ ವಿಮಾನ ನೋಡಿ ಏನಂತಾನೋ" ಅಂತ ಮೇಷ್ಟ್ರು ಮಗುವಿನ ಹಾಗೆ ಸಡಗರ ಪಡುತ್ತಿದ್ದರು. ಆ ಸಡಗರ ನನಗೆ ಸಹಿಸಲಾಗಲಿಲ್ಲ. ನಿಜವಾದ ಕ್ಯಾಪ್ಟನ್ ಬೆನ್ನು ತಟ್ಟಿಬಿಟ್ಟರೆ ನಮ್ಮ ರಸ್ತೆಯಲ್ಲಿ ನಾನು ತಲೆಯೆತ್ತುವುದು ಹೇಗೆ?

ಅವನು ಬರಬೇಕಾದ ದಿನ ಬೆಳಗ್ಗೆ ಮೇಷ್ಟ್ರೂ ಅವರ ಮನೆಯವರೂ ನಂಜನಗೂಡಿಗೆ ಹೋದರು. ಗಿಡಗಳಿಗೆ ನೀರು ಹಾಕಿ ಅಂತ ಬೀಗದಕೈ ನನ್ನ ಕೈಗೇ ಕೊಟ್ಟರು. ಗಿಡಕ್ಕೆ ನೀರು ಹಾಕಿದೆ. ಆಮೇಲೆ ಕಂಪ್ಯೂಟರ್ ಹಾಕಿದೆ. ಆ ಆಟದಲ್ಲಿ 'ನಿಜದಂತೆ' ಅಂತ ಒಂದು ಆಯ್ಕೆ, 'ಸುಲಭ' ಅಂತ ಇನ್ನೊಂದು ಆಯ್ಕೆ ಇದೆ. 'ಸುಲಭ' ಒತ್ತಿದೆ. ಮೇಷ್ಟ್ರ ಪ್ರೊಪೆಲ್ಲರ್ ಆ ಕ್ಷಣದಿಂದ ಜಾತ್ರೆಯ ಗಿರಗಟ್ಲೆಯಾಯಿತು. ಕ್ಯಾಪ್ಟನ್ ನೋಡಿ, 'ಇದು ಮಕ್ಕಳಾಟ ಮೇಷ್ಟ್ರೇ' ಅಂದರೆ ನನಗೆ ಸಾಕಿತ್ತು. ಅದಕ್ಕಿಂತ ಹೆಚ್ಚು ಕೇಡು ಬಯಸಿರಲಿಲ್ಲ.

ಸಂಜೆ ಕ್ಯಾಪ್ಟನ್ ಬಂದ. ಎತ್ತರದ ಆಳು, ವಿನಯವಂತ. ಗುರುಗಳ ಕಾಲಿಗೆ ಬಿದ್ದ. ಮೇಷ್ಟ್ರು ತಾವು ಕೂರುತ್ತಾರೆ ಅಂತ ನಾನು ಕಾಯುತ್ತಿದ್ದರೆ ಅವರು, "ನೀನೇ ಕೂತ್ಕೋ. ನಿಜವಾದ ಕೈ ಮುಟ್ಟಲಿ" ಅಂತ ಅವನನ್ನೇ ಕೂರಿಸಿದರು. ಇದನ್ನ ನಾನು ಲೆಕ್ಕ ಹಾಕಿರಲಿಲ್ಲ.

ಇಂಜಿನ್ ಥಟ್ಟನೆ ಶುರುವಾಯಿತು. ಕ್ಯಾಪ್ಟನ್ ಹುಬ್ಬು ಗಂಟಿಕ್ಕಿ, "ಬೇಗ ಎದ್ದುಬಿಡ್ತಲ್ಲ" ಅಂದ. ಏರಿದ, ಬೆಟ್ಟ ಸುತ್ತಿದ, ಇಳಿಯಲು ಬಂದ. ನನ್ನ ಹೆಂಡತಿ, ಮೇಷ್ಟ್ರ ಮನೆಯವರು ಕೋಡುಬಳೆ ತಟ್ಟೆ ಹಿಡಿದು ಹಿಂದೆ ನಿಂತಿದ್ದರು.

"ಈಗ ನೋಡಿ" ಅಂದ ಕ್ಯಾಪ್ಟನ್. "ಪವರ್ ಪೂರಾ ಹಿಂದಕ್ಕೆಳೆದರೆ ಪಂಖದ ಎಲೆಗಳು ಗಾಳಿಗೆ ಅಡ್ಡ ನಿಲ್ಲುತ್ತವೆ. ಬ್ರೇಕ್ ಒತ್ತಿದ ಹಾಗೆ ವೇಗ ಬೀಳುತ್ತೆ, ವಿಮಾನ ನೆಲಕ್ಕೆ ಕೂರುತ್ತೆ." ಅಂದು ಎಳೆದ.

'ಸುಲಭ'ದಲ್ಲಿ ಪಂಖ ಏನನ್ನೂ ತಡೆಯುವುದಿಲ್ಲ. ವಿಮಾನ ಕೂರಲಿಲ್ಲ. ಗಾಳಿಪಟದ ಹಾಗೆ ರನ್‌ವೇ ಮೇಲೆ ತೇಲಿತು. ತೇಲುತ್ತಲೇ ರನ್‌ವೇ ಮುಗಿಯಿತು. ಕಾಂಪೌಂಡ್ ದಾಟಿತು. ನಂಜನಗೂಡು ರಸ್ತೆಯನ್ನೂ ದಾಟಿ ಆಚೆಯ ಹೊಲದಲ್ಲಿ ಮೂಗು ಊರಿ ನಿಂತಿತು.

ಕ್ಯಾಪ್ಟನ್ ಇನ್ನೊಂದು ಸಲ ಬಂದ. ಮತ್ತೆ ಹೊಲ. ಮೂರನೇ ಸಲವೂ ಹೊಲವೇ. ಅವನು ಕರ್ಚೀಫ್ ತೆಗೆದು ಮುಖ ಒರೆಸಿಕೊಂಡ. "ಹನ್ನೆರಡು ವರ್ಷ ಆಯ್ತು ಮೇಷ್ಟ್ರೇ ಹಾರಿಸೋಕೆ ಶುರುಮಾಡಿ. ಹಿಂಗೆ ಯಾವತ್ತೂ ಆಗಿಲ್ಲ."

ನನ್ನ ಹೆಂಡತಿ ಕೋಡುಬಳೆ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, "ರೀ, ನಾನು ಬಸ್ಸಲ್ಲಿ ಹೋಗ್ತೀನಿ" ಅಂದಳು.

ಮಾತು ಬದಲಾಯಿಸಲು ಪಾಪ ಮೇಷ್ಟ್ರು, "ನೀವೊಂದು ಸಲ ನೋಡಿ" ಅಂತ ನನ್ನನ್ನು ಕೂರಿಸಿದರು. ಮೇಷ್ಟ್ರ ಥರದ ವಿಮಾನ ತರಿಸಿಕೊಂಡ ಮೇಲೂ ನಾನು ಮನೆಯಲ್ಲಿ ಹೆಚ್ಚಾಗಿ ಹಾರಿಸುತ್ತಿದ್ದದ್ದು ಹಳೇ ಆಟದ ಇಂಥದೇ ಗಿರಗಟ್ಲೆಯನ್ನ. ದೂರದಿಂದಲೇ ವೇಗ ಇಳಿಸಿಕೊಂಡು ಬಂದು ಹೂವಿನ ಹಾಗೆ ಇಳಿಸಿದೆ.

"ಸಾರ್, ಹೇಗೆ ಮಾಡಿದ್ರಿ?" ಅಂದ ಕ್ಯಾಪ್ಟನ್. ಮೇಷ್ಟ್ರು ನನ್ನನ್ನು ನೋಡಿದ ನೋಟ, ಆಹಾ, ಅದಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ! ನನ್ನ ಹೆಂಡತಿ ಕೂಡ ಬಾಯಿ ಬಿಟ್ಟು ನೋಡುತ್ತಿದ್ದಳು. ಅಲ್ಲಿಗೇ ನಿಂತಿದ್ದರೆ ನನ್ನ ಬಾಳು ಬಂಗಾರವಾಗುತ್ತಿತ್ತು.

ಆದರೆ ಕ್ಯಾಪ್ಟನ್ ಫೋನ್ ತೆಗೆದ. "ಮೇಷ್ಟ್ರೇ, ನನ್ನ ಕೈಯಲ್ಲೋ ಕಣ್ಣಲ್ಲೋ ಏನೋ ತೊಂದರೆ ಇದೆ. ಇಂಥ ಸ್ಥಿತೀಲಿ ಎಪ್ಪತ್ತು ಜನರನ್ನ ಕೂರಿಸಿಕೊಂಡು ಹೋಗೋದು ತಪ್ಪು. ನಾಳೆ ಬೇರೆಯವರನ್ನ ಹಾಕಿ ಅಂತ ಆಫೀಸಿಗೆ ಹೇಳ್ತೀನಿ." ಮೇಷ್ಟ್ರು ಕೈಪಿಡಿಯ ಕೆಂಪು ಬಟ್ಟೆ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಶಿಷ್ಯನನ್ನು ಕರೆದು ಅವಮಾನ ಮಾಡಿದೆ ಅನ್ನುವ ಸಂಕಟ ಅವರ ಮುಖದ ಮೇಲಿತ್ತು.

"ಫೋನ್ ಮಾಡಬೇಡಪ್ಪ" ಅಂದೆ. "ನಿನ್ನ ಕೈ ಸರಿಯಾಗಿದೆ. ಬೆಳಗ್ಗೆ ಪ್ರೊಪೆಲ್ಲರ್ ಕೆಡಿಸಿದ್ದು ನಾನು."

ಎಲ್ಲರೂ ತಿರುಗಿದರು. ಮೇಷ್ಟ್ರು ನಿಧಾನವಾಗಿ, "ಗಿಡಕ್ಕೆ ನೀರು ಹಾಕಿ ಅಂತ ಬೀಗದಕೈ ಕೊಟ್ಟಿದ್ದೆ" ಅಂದರು.

"ಅದಕ್ಕೂ ಹಾಕಿದ್ದೀನಿ ಮೇಷ್ಟ್ರೇ."

"ಯಾಕ್ರೀ ಹಿಂಗೆ ಮಾಡಿದ್ರಿ?" ಅಂದಳು ಹೆಂಡತಿ.

"ಹೊಟ್ಟೆಕಿಚ್ಚಿಗೆ" ಅಂದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಮೇಷ್ಟ್ರು ಕೆಂಪು ಬಟ್ಟೆಯನ್ನು ಕೈಪಿಡಿಗೆ ಸುತ್ತಿ ದಾರ ಕಟ್ಟಿದರು. ಇನ್ನು ಈ ಮನೆಯ ಮೆಟ್ಟಿಲು ನನ್ನ ಪಾಲಿಗೆ ಮುಗಿಯಿತು ಅಂದುಕೊಂಡೆ. ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಕ್ಯಾಪ್ಟನ್ ಎದುರು ಒಪ್ಪಿಕೊಂಡ್ರಲ್ಲ, ನನಗೆ ಅಷ್ಟು ಧೈರ್ಯ ಬರ್ತಿರಲಿಲ್ಲ. ನಾಳೆಯಿಂದ ಇಲ್ಲೇ ಬಂದು ಹಾರಿಸಿ" ಅಂದರು. ನೋಡಿ, ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಿಬಿಟ್ಟರು! ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಆಯ್ಕೆ ಬದಲಾಯಿಸಿದರು. ಕ್ಯಾಪ್ಟನ್ ಕೂತು ಪವರ್ ಎಳೆದ. ಪಂಖ ಗಾಳಿಗೆ 'ಹೂಂ' ಅಂತ ಅಡ್ಡ ನಿಂತಿತು, ವಿಮಾನ ರನ್‌ವೇ ಮೇಲೆ ಬೆಣ್ಣೆಯ ಹಾಗೆ ಕೂತಿತು. ನನ್ನ ಹೆಂಡತಿ ತಟ್ಟೆ ಮತ್ತೆ ಕೈಗೆತ್ತಿಕೊಂಡು, "ಹಂಗಾದ್ರೆ ನಾಳೆ ಬತ್ತೀನಿ ಕಣಪ್ಪ, ಕೋಡುಬಳೆ ತಗೋ" ಅಂದಳು.

ಹೊರಡುವಾಗ ಕ್ಯಾಪ್ಟನ್ ಬಾಗಿಲಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತಾ ನನ್ನನ್ನು ಹತ್ತಿರ ಕರೆದ. ಬೈಯುತ್ತಾನೆ ಅಂತ ಬಗ್ಗಿದೆ.

"ಅಂಕಲ್, ನಮ್ಮ ವಿಮಾನದಲ್ಲಿ ಕಾಕ್‌ಪಿಟ್ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಕೊಳ್ತೀವಿ. ಇಷ್ಟು ವರ್ಷ ಅದು ಭಯೋತ್ಪಾದಕರಿಗೋಸ್ಕರ ಅಂದುಕೊಂಡಿದ್ದೆ" ಅಂದ. ಗಂಟು ಬಿಗಿದು ಎದ್ದು ನಿಂತು, "ಎದುರುಮನೆಯವರಿಗೋಸ್ಕರ ಅಂತ ಇವತ್ತು ಗೊತ್ತಾಯ್ತು."